ಶರಚ್ಚಂದ್ರರ ಕಾದಂಬರಿಗಳೂ ಚಲಚ್ಚಿತ್ರವೂ

ಉತ್ತಮ ಕಾದಂಬರಿಗಳನ್ನು ಚಲಚ್ಚಿತ್ರಗಳನ್ನಾಗಿ ಮಾಡಬೇಕೆಂಬ ಮಾತು ವಿದ್ಯಾವಂತರ ಕೂಟಗಳಲ್ಲಿ ಆಗಾಗ್ಗೆ ಕೇಳಿಬರುತ್ತದೆ. ಪ್ರತಿಯೊಬ್ಬ ಓದುಗನ ಮನಸ್ಸಿನಲ್ಲಿಯೂ ತನಗೆ ಪ್ರಿಯವಾದ ಎರಡು ಮೂರು ಕಾದಂಬರಿಗಳಿರುತ್ತವೆ. ಅವು ತೆರೆಯ ಮೇಲೆ ಬರಬಾರದೇ ಎಂಬ ಆಶೆಯೂ ಅವುಗಳ ಜತೆಗೇ ಇರುತ್ತದೆ. ಇದು ಕೇವಲ ವಿನೋದದ ಆಶೆಯೆಂದು ನಾವು ತಳ್ಳಿಹಾಕಲಾರೆವು. ಓದುಬರಹ ಬಲ್ಲವರು ಸಹ ಪುಸ್ತಕವನ್ನು ಕೈಗೆತ್ತಿಕೊಳ್ಳುವುದು ಅಪರೂಪವಾಗಿರುವಾಗ, ಒಬ್ಬ ಗ್ರಂಥಕರ್ತನ ವಿಷಯವಾಗಿ ಜನರಲ್ಲಿ ನೆಲೆಯೂರುವ ಅಭಿಪ್ರಾಯವು ಬಹುಮಟ್ಟಿಗೆ ತೆರೆಯಿಂದಲೇ ಬಂದದ್ದಾಗಿರುತ್ತದೆ. ಚಿತ್ರದವರು ಆರಿಸಿಕೊಂಡದ್ದು ಜನರ ನೆನಪಿನಲ್ಲಿ ಉಳಿಯುತ್ತದೆ. ಅವರು ಬಿಟ್ಟದ್ದು ಪುಸ್ತಕಭಂಡಾರದ ಧೂಳಿನಲ್ಲಿ ಮಲಗುತ್ತದೆ.

ಇದಕ್ಕೆ ಬಂಗಾಲದ ಕಾದಂಬರೀಕಾರ ಶರಚ್ಚಂದ್ರ ಚಟ್ಟೋಪಾಧ್ಯಾಯರಿಗಿಂತ ದೊಡ್ಡ ನಿದರ್ಶನವು ನಮಗೆ ತೋರುವುದಿಲ್ಲ. ಇವರ ಕೃತಿಗಳಷ್ಟು ಸಲ ತೆರೆಯನ್ನೇರಿದ ಕೃತಿಗಳು ಭರತಖಂಡದಲ್ಲಿ ವಿರಳ. ಆದರೂ ಶರಚ್ಚಂದ್ರರೆಂದ ಕೂಡಲೆ ಬಹುಮಂದಿಯ ಕಣ್ಣ ಮುಂದೆ ನಿಲ್ಲುವವನು ಮದ್ಯದ ಬಟ್ಟಲನ್ನು ಹಿಡಿದು, ಕೈಗೂಡದ ಪ್ರೇಮವನ್ನು ನೆನೆನೆನೆದು ಸಾಯುವ ದೇವದಾಸನೊಬ್ಬನೇ. ಅವರ ಅರವತ್ತೊಂದು ವರ್ಷಗಳ ಬಾಳಿನಲ್ಲಿ ನದಿಯಿತ್ತು, ಸ್ಮಶಾನವಿತ್ತು, ಸಮುದ್ರವಿತ್ತು, ರಂಗೂನಿನ ಕೂಲಿಗಾರರ ಕೇರಿಯಿತ್ತು, ಸರಕಾರವು ಮುಟ್ಟುಗೋಲು ಹಾಕಿಕೊಂಡ ಒಂದು ಪುಸ್ತಕವೂ ಇತ್ತು. ಇವೆಲ್ಲವೂ ಅವರ ಕಾದಂಬರಿಗಳಲ್ಲಿ ಬಂದಿವೆ. ಆದರೆ ತೆರೆಯ ಮೇಲೆ ಬಂದದ್ದು ಬಹುಮಟ್ಟಿಗೆ ಮನೆಯೊಳಗಣ ಕಣ್ಣೀರು ಮಾತ್ರ. ಬಂಕಿಮಚಂದ್ರರ ಕೃತಿಗಳನ್ನು ಕನ್ನಡಿಸಿ ಬಿ. ವೆಂಕಟಾಚಾರ್ಯರು ತೆರೆದ ದಾರಿಯಲ್ಲಿಯೇ ಶರಚ್ಚಂದ್ರರೂ ಕನ್ನಡದ ಮನೆಗಳಿಗೆ ಬಂದವರಾದ್ದರಿಂದ, ಅವರ ಕೀರ್ತಿಯು ಹೀಗೆ ಅರ್ಧಕ್ಕೆ ನಿಂತಿರುವುದು ನಮಗೆ ಪರರ ವಿಷಯವಲ್ಲ. ಅವರ ಜೀವನವನ್ನು ಮೊದಲಿನಿಂದ ಒಮ್ಮೆ ನೋಡಿದರೆ, ಅವರ ಕೃತಿಗಳಲ್ಲಿ ಯಾವುವು ತೆರೆಗೆ ಯೋಗ್ಯವಾದುವೆಂಬುದು ತಾನಾಗಿಯೇ ತಿಳಿದುಬರುತ್ತದೆ.

ಶರಚ್ಚಂದ್ರರು ಹುಟ್ಟಿದುದು 1876ನೆಯ ಇಸವಿ ಸೆಪ್ಟೆಂಬರು 15ರಂದು, ಹುಗಲಿ ಜಿಲ್ಲೆಯ ದೇವಾನಂದಪುರವೆಂಬ ಹಳ್ಳಿಯಲ್ಲಿ. ತಂದೆ ಮೋತಿಲಾಲರು ಓದಿದವರು, ಕಲ್ಪನಾಶೀಲರು. ಆದರೆ ಒಂದು ಉದ್ಯೋಗದಲ್ಲಿ ನಿಲ್ಲದವರು. ಕಥೆ, ಕವಿತೆ, ನಾಟಕಗಳನ್ನು ಅವರು ಆರಂಭಿಸುತ್ತಿದ್ದರೇ ಹೊರತು ಒಂದನ್ನೂ ಮುಗಿಸುತ್ತಿರಲಿಲ್ಲ. ತಂದೆಯ ಪೆಟ್ಟಿಗೆಯಲ್ಲಿದ್ದ ಆ ಅರೆಬರೆ ಕಾಗದಗಳನ್ನು ಮಗನು ಗುಟ್ಟಾಗಿ ಓದಿ, ಕಥೆಯ ಕೊನೆ ಏನಾಗಿದ್ದೀತೆಂದು ರಾತ್ರಿಯೆಲ್ಲ ಯೋಚಿಸುತ್ತಿದ್ದನು. ತಂದೆಯಿಂದ ಬಂದ ಆಸ್ತಿ ಇದೊಂದೇ, ಉಳಿದುದೆಲ್ಲ ಬಡತನ. ಸಂಸಾರವು ನಡೆಯದಾದಾಗ ತಾಯಿ ಭುವನಮೋಹಿನಿಯವರು ಮಕ್ಕಳೊಡನೆ ಭಾಗಲಪುರದಲ್ಲಿದ್ದ ತವರನ್ನು ಸೇರಬೇಕಾಯಿತು.

ಭಾಗಲಪುರವು ಬಿಹಾರದಲ್ಲಿ ಗಂಗೆಯ ದಡದ ಮೇಲಿರುವ ಊರು. ಸೋದರಮಾವಂದಿರ ಮನೆಯ ಶಿಸ್ತು ಕಠಿಣವಾದದ್ದು. ಹುಡುಗನ ಮನಸ್ಸಾದರೋ ಹೊಳೆಯ ಮೇಲೆ. ಅಲ್ಲಿ ಅವರಿಗೆ ರಾಜೇಂದ್ರನಾಥನೆಂಬ ಗೆಳೆಯನು ದೊರೆತನು. ಕೊಳಲು ಬಾರಿಸುವುದು, ಕತ್ತಲಲ್ಲಿ ದೋಣಿ ಹಾಯಿಸುವುದು, ಅನಾಥ ಶವಗಳಿಗೆ ಹೆಗಲು ಕೊಡುವುದು, ಯಾರಿಗೂ ಅಂಜದಿರುವುದು, ಇವೆಲ್ಲ ಅವನಿಗೆ ಸಹಜವಾಗಿದ್ದುವು. ಒಂದು ದಿನ ಅವನು ಮನೆ ಬಿಟ್ಟು ಹೋದನು, ಮತ್ತೆ ಬರಲಿಲ್ಲ. ಈತನೇ ಮುಂದೆ "ಶ್ರೀಕಾಂತ"ದ ಮೊದಲನೆಯ ಭಾಗದಲ್ಲಿ ಇಂದ್ರನಾಥನಾಗಿ ಬಂದವನು. ಸುಳಿಯೆದ್ದ ಹೊಳೆಯಲ್ಲಿ ನಡುರಾತ್ರಿ ಇಬ್ಬರು ಹುಡುಗರು ಪುಟ್ಟ ದೋಣಿಯಲ್ಲಿ ಮೀನು ಕದಿಯಲು ಹೊರಡುವ ಪ್ರಕರಣವನ್ನು ಓದಿದವರು ಅದನ್ನು ಮರೆಯಲಾರರು. ದಡವು ಕುಸಿದು ಬೀಳುವ ಸದ್ದು, ಜೋಳದ ಹೊಲದೊಳಗೆ ಹಾವುಗಳ ಸರಪರ, ನೀರಿನಲ್ಲಿ ತೇಲಿಬಂದ ಮಗುವಿನ ಹೆಣವನ್ನು ಇಂದ್ರನಾಥನು ಜಾತಿಯನ್ನು ಕೇಳದೆ ಎತ್ತಿ ದೋಣಿಯಲ್ಲಿಟ್ಟುಕೊಳ್ಳುವುದು, ಇವು ಕಣ್ಣಿಗೂ ಕಿವಿಗೂ ಒಟ್ಟಿಗೆ ಬರೆದ ಬರೆಹಗಳು. ಚಲಚ್ಚಿತ್ರವೆಂಬುದು ಇನ್ನೂ ಮಾತೆತ್ತದಿದ್ದ ಕಾಲದಲ್ಲಿ ಈ ಪುಟಗಳು ಹೊರಬಂದವೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

1894ರಲ್ಲಿ ಶರಚ್ಚಂದ್ರರು ಎಂಟ್ರೆನ್ಸ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಮರುವರ್ಷ ತಾಯಿ ತೀರಿಕೊಂಡರು. ಎಫ್.ಎ. ಪರೀಕ್ಷೆಗೆ ಕಟ್ಟಬೇಕಾಗಿದ್ದ ಇಪ್ಪತ್ತು ರೂಪಾಯಿ ಶುಲ್ಕವನ್ನು ಹೊಂದಿಸಲಾರದೆ ಕಾಲೇಜಿನ ವಿದ್ಯೆ ಅಲ್ಲಿಗೇ ನಿಂತಿತು. ಇಪ್ಪತ್ತು ರೂಪಾಯಿಗಾಗಿ ವಿದ್ಯೆ ನಿಂತವರು ನಮ್ಮ ದೇಶದಲ್ಲಿ ಅಸಂಖ್ಯಾತರಿದ್ದರು; ಅವರಲ್ಲಿ ಎಷ್ಟು ಜನ ಶರಚ್ಚಂದ್ರರು ಕಳೆದುಹೋದರೋ ಬಲ್ಲವರಾರು? ಈ ಯುವಕರಿಗೆ ಮಾತ್ರ ಲೇಖನಿಯೊಂದು ಉಳಿಯಿತು. ನೆಂಟರಿಷ್ಟರಾದ ಕೆಲವು ತರುಣರು ಕೂಡಿ ಒಂದು ಸಾಹಿತ್ಯಗೋಷ್ಠಿಯನ್ನು ಕಟ್ಟಿ, ಕೈಬರೆಹದ ಪತ್ರಿಕೆಯೊಂದನ್ನು ಹೊರಡಿಸುತ್ತಿದ್ದರು. ಅದೇ ಕಾಲದಲ್ಲಿ ಶರಚ್ಚಂದ್ರರು "ಬಡದಿದಿ", "ಚಂದ್ರನಾಥ", "ದೇವದಾಸ" ಮುಂತಾದುವನ್ನು ಬರೆದು ಬದಿಗಿಟ್ಟರು. ವಾಚಕರು ಇದನ್ನು ಗಮನಿಸಬೇಕು. ದೇಶವೆಲ್ಲ ಅತ್ತ "ದೇವದಾಸ"ವು ಇಪ್ಪತ್ತೈದರ ಆಸುಪಾಸಿನ ತರುಣನ ಬರೆಹ. 1917ರಲ್ಲಿ ಅದನ್ನು ಪ್ರಕಟಿಸುವಾಗ ಗ್ರಂಥಕರ್ತರೇ ಹಿಂದುಮುಂದು ನೋಡಿದರು. ಅದು ಕೆಟ್ಟ ಪುಸ್ತಕವೆಂದು ನಾವು ಹೇಳುವುದಿಲ್ಲ. ಆದರೆ ಮರವು ಬಿಟ್ಟ ಮೊದಲ ಕಾಯಿಯನ್ನೇ ಅದರ ಫಲವೆಲ್ಲವೆಂದು ಎಣಿಸುವುದು ನ್ಯಾಯವಲ್ಲ.

ಅನಂತರದ ಕೆಲವು ವರ್ಷಗಳು ಅಲೆದಾಟದವು. ಜಮೀನುದಾರರೊಬ್ಬರ ಸಂಸ್ಥಾನದಲ್ಲಿ ಕೆಲವು ಕಾಲ ನೌಕರಿ. ಅದನ್ನು ಬಿಟ್ಟು ಕಾವಿಯುಟ್ಟು ಸಂನ್ಯಾಸಿಗಳೊಡನೆ ಊರೂರು ಸಂಚಾರ. ತಂದೆಯವರ ಮರಣದ ಸುದ್ದಿ ಕೇಳಿ ಹಿಂದಿರುಗಿ, ತಮ್ಮತಂಗಿಯರನ್ನು ಬಂಧುಗಳ ಆಶ್ರಯದಲ್ಲಿಟ್ಟು, ಕಲಕತ್ತೆಗೆ ಬಂದು, 1903ನೆಯ ಇಸವಿ ಜನವರಿಯಲ್ಲಿ ಬರ್ಮಾಕ್ಕೆ ಹಡಗು ಹತ್ತಿದರು. ಹೊರಡುವ ಮುನ್ನ "ಮಂದಿರ" ಎಂಬ ಕಥೆಯೊಂದನ್ನು, ಕುಂತಲೀನ ಎಂಬ ಕೇಶತೈಲದ ವ್ಯಾಪಾರಿಗಳು ಏರ್ಪಡಿಸಿದ್ದ ಸ್ಪರ್ಧೆಗೆ ತಮ್ಮ ಸೋದರಮಾವ ಸುರೇಂದ್ರನಾಥರ ಹೆಸರಿನಲ್ಲಿ ಕಳುಹಿಸಿದ್ದರು. ಬಹುಮಾನವು ಅದಕ್ಕೇ ಬಂತು. ಶರಚ್ಚಂದ್ರರ ಮೊದಲ ಅಚ್ಚಿನ ಕಥೆ ಹೀಗೆ ಇನ್ನೊಬ್ಬರ ಹೆಸರನ್ನು ಹೊತ್ತು ಹೊರಬಂದಿತು.

ರಂಗೂನಿನಲ್ಲಿ ಅವರಿಗೆ ಆಶ್ರಯವಾಗಿದ್ದವರು ವಕೀಲರಾಗಿದ್ದ ಬಂಧುಗಳು. ಅವರು ಕೆಲಕಾಲದಲ್ಲಿಯೇ ತೀರಿಕೊಂಡರು. ರೈಲ್ವೆಯ ಲೆಕ್ಕದ ಕಚೇರಿಯಲ್ಲಿ ತಾತ್ಕಾಲಿಕ ಕೆಲಸ, ಅನಂತರ ಪಬ್ಲಿಕ್ ವರ್ಕ್ಸ್ ಲೆಕ್ಕದ ಕಚೇರಿಯಲ್ಲಿ ಗುಮಾಸ್ತೆಗಿರಿ. ಹೀಗೆ ಹದಿಮೂರು ವರ್ಷಗಳನ್ನು ಅವರು ಬರ್ಮಾದಲ್ಲಿ ಕಳೆದರು. ಮರ್ಯಾದಸ್ಥರೆನಿಸಿಕೊಂಡ ಬಾಬುಗಳ ಬೀದಿಯನ್ನು ಬಿಟ್ಟು, ಕಾರ್ಖಾನೆಗಳಲ್ಲಿ ದುಡಿಯುವ ಮೇಸ್ತ್ರಿಗಳು ವಾಸಿಸುತ್ತಿದ್ದ ಕೇರಿಯಲ್ಲಿ ಮನೆ ಮಾಡಿದರು. ಅವರ ಅರ್ಜಿಗಳನ್ನು ಬರೆದುಕೊಡುವುದು, ಹೋಮಿಯೋಪತಿಯ ಗುಳಿಗೆಗಳನ್ನು ಕೊಡುವುದು, ಜಗಳಗಳನ್ನು ತೀರಿಸುವುದು, ಸತ್ತರೆ ಸುಡಲು ಹೋಗುವುದು, ಇವೆಲ್ಲ ಕಚೇರಿಯ ವೇಳೆ ಮುಗಿದ ಮೇಲಣ ಕೆಲಸಗಳು. ಹಾಗೆ ನೆರೆಯ ಮೇಸ್ತ್ರಿಯೊಬ್ಬನು ತನ್ನ ಮಗಳನ್ನು ಕುಡುಕನೊಬ್ಬನಿಗೆ ಕೊಡಲು ಹೊರಟಾಗ, ಆ ಹುಡುಗಿ ಇವರ ಮೊರೆಹೊಕ್ಕಳು. ಅವಳ ಹೆಸರು ಶಾಂತಿ. ಅವಳನ್ನು ಶರಚ್ಚಂದ್ರರೇ ಮದುವೆಯಾದರು. ಒಂದು ಗಂಡುಮಗುವೂ ಆಯಿತು. ಸ್ವಲ್ಪ ಕಾಲದಲ್ಲಿಯೇ ಪ್ಲೇಗಿನ ಮಾರಿ ರಂಗೂನನ್ನು ಹೊಕ್ಕು ತಾಯಿಯನ್ನೂ ಮಗುವನ್ನೂ ಕೊಂಡೊಯ್ಯಿತು. ಬಳಿಕ ಅವರು ಮೋಕ್ಷದಾ ಎಂಬ ಕನ್ಯೆಯನ್ನು ಮದುವೆಯಾಗಿ, ಆಕೆಗೆ ಹಿರಣ್ಮಯಿ ಎಂದು ಹೆಸರಿಟ್ಟರು. ಈ ಸಾಧ್ವಿಯು ಕೊನೆಯವರೆಗೂ ಅವರೊಡನೆ ಬಾಳಿದಳು. 1912ರಲ್ಲಿ ಅವರ ಮರದ ಮನೆಗೆ ಬೆಂಕಿ ಬಿದ್ದು, ಪುಸ್ತಕಗಳೂ, ಅವರೇ ಬರೆದಿದ್ದ ಚಿತ್ರಗಳೂ, "ಚರಿತ್ರಹೀನ" ಕಾದಂಬರಿಯ ಹಸ್ತಪ್ರತಿಯೂ ಸುಟ್ಟು ಬೂದಿಯಾದುವು. ಆ ಕಾದಂಬರಿಯನ್ನು ಅವರು ಎರಡನೆಯ ಸಲ ಮೊದಲಿನಿಂದ ಬರೆದರು.

ಬಂಗಾಲಕ್ಕೆ ಅವರು ಗೊತ್ತಾದುದೂ ವಿಚಿತ್ರವಾಗಿಯೇ. 1907ರಲ್ಲಿ "ಭಾರತಿ" ಪತ್ರಿಕೆಯಲ್ಲಿ ಅವರ "ಬಡದಿದಿ" ಅವರಿಗೆ ತಿಳಿಯದಂತೆಯೇ ಅಚ್ಚಾಗತೊಡಗಿತು. ಮೊದಲ ಕಂತುಗಳಲ್ಲಿ ಗ್ರಂಥಕರ್ತನ ಹೆಸರಿರಲಿಲ್ಲ. ಇದು ರವೀಂದ್ರನಾಥರದೇ ಬರೆಹವಿರಬೇಕೆಂದು ಬಹುಮಂದಿ ಊಹಿಸಿದರು. ದೂರದ ರಂಗೂನಿನಲ್ಲಿ ಒಬ್ಬ ಗುಮಾಸ್ತೆಯು ಲೆಕ್ಕದ ಪುಸ್ತಕಗಳನ್ನು ತಿದ್ದುತ್ತಿದ್ದನು; ಇಲ್ಲಿ ಅವನ ಬರೆಹವನ್ನು ನಾಡಿನ ಮಹಾಕವಿಗೆ ಆರೋಪಿಸುತ್ತಿದ್ದರು. 1913ರಿಂದ "ಯಮುನಾ" ಪತ್ರಿಕೆಯಲ್ಲಿ ಅವರ ಕಥೆಗಳು ಒಂದರ ಹಿಂದೊಂದು ಬಂದು ಜನರು ಅವುಗಳಿಗಾಗಿ ಕಾಯುವಂತಾಯಿತು. 1916ರಲ್ಲಿ ದೇಹಾಲಸ್ಯದಿಂದ ಕೆಲಸಕ್ಕೆ ರಾಜೀನಾಮೆಯಿತ್ತು ಅವರು ಸ್ವದೇಶಕ್ಕೆ ಹಿಂದಿರುಗಿ ಹೌರಾದಲ್ಲಿ ನೆಲೆಸಿದರು. ಆಗ ಅವರಿಗೆ ನಲವತ್ತು ವರ್ಷ. ಬಂಗಾಲದಲ್ಲಿ ಲೇಖನಿಯಿಂದಲೇ ಸುಖವಾಗಿ ಬದುಕಿದ ಮೊದಲ ಕೆಲವರಲ್ಲಿ ಅವರೂ ಒಬ್ಬರಾದರು.

ಮುಂದಣ ಹತ್ತು ವರ್ಷಗಳು ಅವರ ಪ್ರತಿಭೆಯ ಮಧ್ಯಾಹ್ನ. "ಪಲ್ಲೀಸಮಾಜ", "ಚರಿತ್ರಹೀನ", "ದತ್ತಾ", "ಗೃಹದಾಹ", "ಶ್ರೀಕಾಂತ"ದ ಮೊದಲ ಭಾಗಗಳು, ಎಲ್ಲವೂ ಈ ಅವಧಿಯಲ್ಲಿ ಬೆಳಕು ಕಂಡವು. ಊಟದ ಮನೆಯ ಸೇವಕಿಯೊಬ್ಬಳನ್ನು ನಾಯಿಕೆಯನ್ನಾಗಿ ಮಾಡಿದ ಕಾರಣ "ಚರಿತ್ರಹೀನ"ವನ್ನು ಅಚ್ಚು ಮಾಡಲು ಒಂದು ದೊಡ್ಡ ಪತ್ರಿಕೆಯವರು ಒಪ್ಪಲಿಲ್ಲ. ಅಂಥವಳಿಗೆ ಶೀಲವೆಲ್ಲಿಯದೆಂಬ ಪ್ರಶ್ನೆಗೆ, ಶೀಲವು ಯಾರ ಮನೆಯಲ್ಲಿದೆಯೆಂಬುದನ್ನು ತೋರಿಸುವುದೇ ಶರಚ್ಚಂದ್ರರ ಉತ್ತರವಾಗಿತ್ತು. "ಪಲ್ಲೀಸಮಾಜ"ದಲ್ಲಿ ಅವರು ಹಳ್ಳಿಯನ್ನು ಹೊಗಳಲೂ ಇಲ್ಲ, ಹಳಿಯಲೂ ಇಲ್ಲ, ಇದ್ದಂತೆ ತೋರಿಸಿದರು. ಮಳೆಯ ನೀರು ನಿಂತು ರೈತರ ಭತ್ತದ ಬಯಲೆಲ್ಲ ಕೊಳೆಯುತ್ತಿರುವಾಗ, ಏರಿಯನ್ನು ಕಡಿದರೆ ತಮ್ಮ ಕೊಳದ ಇನ್ನೂರು ರೂಪಾಯಿಯ ಮೀನು ಹೋಗುತ್ತದೆಂದು ಜಮೀನುದಾರರು ಒಪ್ಪುವುದಿಲ್ಲ. ರಮೇಶನು ರಾತ್ರಿಯಲ್ಲಿ ತಾನೇ ಹೋಗಿ ಏರಿಯನ್ನು ಕಡಿಯುತ್ತಾನೆ. ಕಾವಲಿಗೆ ನಿಂತ ಅಕ್ಬರನೆಂಬ ಲಾಠಿಯವನು ಅವನ ಕೈಯಿಂದ ಏಟು ತಿಂದು ರಕ್ತ ಸುರಿಯುತ್ತಿದ್ದರೂ, ಪೋಲೀಸಿಗೆ ದೂರು ಕೊಡಲು ಸುತರಾಂ ಒಪ್ಪದೆ ಎದ್ದುಹೋಗುತ್ತಾನೆ. ಒಂದೂರಿನ ಲೋಭ, ಪೌರುಷ, ಮಾನ ಮೂರನ್ನೂ ಒಂದೇ ರಾತ್ರಿಯಲ್ಲಿ ಹಿಡಿದಿಟ್ಟ ಪ್ರಕರಣವಿದು.

1921ರಲ್ಲಿ ಅಸಹಕಾರದ ಚಳುವಳಿಯು ನಾಡನ್ನು ಎಬ್ಬಿಸಿದಾಗ, ದೇಶಬಂಧು ಚಿತ್ತರಂಜನ ದಾಸರ ಕರೆಗೆ ಓಗೊಟ್ಟು ಶರಚ್ಚಂದ್ರರು ಕಾಂಗ್ರೆಸನ್ನು ಸೇರಿದರು. ಹೌರಾ ಜಿಲ್ಲಾ ಕಾಂಗ್ರೆಸ್ ಸಮಿತಿಯ ಅಧ್ಯಕ್ಷತೆಯನ್ನು ಬಹುಕಾಲ ವಹಿಸಿಕೊಂಡರು. ನೂಲುವುದರಿಂದಲೇ ಸ್ವರಾಜ್ಯ ಬರುತ್ತದೆಂದು ಅವರಿಗೆ ನಂಬಿಕೆಯಿರಲಿಲ್ಲ. ಆದರೂ ಸಂಸ್ಥೆಯ ನಿಯಮವೆಂದು ನೂತರು, ಖಾದಿಯನ್ನುಟ್ಟರು. ಮಹಾತ್ಮರಲ್ಲಿ ಅವರಿಗೆ ಅಪಾರ ಗೌರವವಿತ್ತು. ಅದರ ಜತೆಗೇ ಪ್ರಾಣವನ್ನು ಒತ್ತೆಯಿಟ್ಟು ಬಾಂಬು ಪಿಸ್ತೂಲುಗಳನ್ನು ಹಿಡಿದ ತರುಣರ ವಿಷಯದಲ್ಲಿ ಅನುಕಂಪವೂ ಇತ್ತು. ಈ ಎರಡು ಮನಸ್ಸುಗಳ ಘರ್ಷಣೆಯಿಂದ ಹುಟ್ಟಿದುದೇ "ಪಥೇರ್ ದಾಬಿ". ದಾರಿಯ ಹಕ್ಕು ಎಂದು ಅದರ ಅರ್ಥ.

ಈ ಕಾದಂಬರಿಯು "ಬಂಗವಾಣಿ" ಪತ್ರಿಕೆಯಲ್ಲಿ ಕಂತುಕಂತಾಗಿ ಬಂದು, 1926ರ ಆಗಸ್ಟಿನಲ್ಲಿ ಪುಸ್ತಕರೂಪವನ್ನು ತಾಳಿತು. ಪ್ರತಿಗಳೆಲ್ಲ ಸ್ವಲ್ಪ ಕಾಲದಲ್ಲಿಯೇ ಖರ್ಚಾದುವು. 1927ರ ಜನವರಿಯಲ್ಲಿ ಬಂಗಾಲ ಸರಕಾರವು ಅದನ್ನು ರಾಜದ್ರೋಹದ ಗ್ರಂಥವೆಂದು ಮುಟ್ಟುಗೋಲು ಹಾಕಿತು. ಶರಚ್ಚಂದ್ರರು ರವೀಂದ್ರನಾಥರಿಗೆ ಬರೆದು, ಈ ಅನ್ಯಾಯವನ್ನು ಖಂಡಿಸಬೇಕೆಂದು ಬೇಡಿದರು. ಪುಸ್ತಕವು ಓದುಗರ ಮನಸ್ಸನ್ನು ಸರಕಾರದ ವಿರುದ್ಧ ಕೆರಳಿಸತಕ್ಕದ್ದೆಂಬುದೇ ಕವಿಯ ಅಭಿಪ್ರಾಯವಾಗಿತ್ತು. ಹಾಗೆ ಬರೆದವನು ಅದರ ಫಲಕ್ಕೂ ಸಿದ್ಧನಾಗಿರಬೇಕೆಂಬ ಭಾವದ ಉತ್ತರವೇ ಬಂತು. ತಾವು ಗುರುವೆಂದು ಭಾವಿಸಿದ್ದವರಿಂದ ಬಂದ ಈ ಉತ್ತರವು ಶರಚ್ಚಂದ್ರರ ಮನಸ್ಸನ್ನು ಬಹಳ ನೋಯಿಸಿತು. ಇಬ್ಬರೂ ಮಹನೀಯರು, ಇಬ್ಬರಲ್ಲಿಯೂ ನ್ಯಾಯವಿತ್ತು. ಆದರೆ ಪುಸ್ತಕವು ಮಾತ್ರ ಹದಿಮೂರನೆಯ ವರ್ಷದವರೆಗೂ ಬಂಧನದಲ್ಲಿಯೇ ಉಳಿಯಿತು.

ಆ ವೇಳೆಗೆ ಶರಚ್ಚಂದ್ರರು ರೂಪನಾರಾಯಣ ನದಿಯ ದಡದಲ್ಲಿ ಸಾಮತಾಬೇಡ್ ಎಂಬ ಹಳ್ಳಿಯಲ್ಲಿ ಮನೆ ಕಟ್ಟಿಕೊಂಡಿದ್ದರು. ಕಲಕತ್ತಾ ವಿಶ್ವವಿದ್ಯಾನಿಲಯವು ಅವರಿಗೆ 1923ರಲ್ಲಿ ಜಗತ್ತಾರಿಣೀ ಪದಕವನ್ನು ಕೊಟ್ಟಿತ್ತು. 1936ರಲ್ಲಿ ಢಾಕಾ ವಿಶ್ವವಿದ್ಯಾನಿಲಯವು ಡಿ.ಲಿಟ್. ಪದವಿಯನ್ನಿತ್ತಿತು. ಇಪ್ಪತ್ತು ರೂಪಾಯಿಯಿಲ್ಲದೆ ಕಾಲೇಜನ್ನು ಬಿಟ್ಟವರಿಗೆ ಈ ಸನ್ಮಾನಗಳು ಬಂದುವು. ಸಾಮತಾಬೇಡಿನಲ್ಲಿ ಸುತ್ತಣ ಹಳ್ಳಿಗಳ ಬಡವರಿಗೆ ಔಷಧ ಕೊಡುವುದು, ಅವರ ಕಷ್ಟಸುಖ ಕೇಳುವುದು ರಂಗೂನಿನಲ್ಲಿ ಹೇಗೋ ಇಲ್ಲಿಯೂ ಹಾಗೆಯೇ ನಡೆದಿತ್ತು. ಮೂಕಪ್ರಾಣಿಗಳ ಮೇಲೆ ಅವರಿಗಿದ್ದ ಮಮತೆ ಎಲ್ಲರಿಗೂ ಗೊತ್ತಿದ್ದುದು. ಭೇಲು ಎಂಬ ಬೀದಿಯ ನಾಯಿಯನ್ನು ಮಗನಂತೆ ಸಾಕಿ, ಅದು ಸತ್ತಾಗ ಮಗನು ಸತ್ತಂತೆಯೇ ದುಃಖಿಸಿದರು. 1938ನೆಯ ಇಸವಿ ಜನವರಿ 16ರಂದು, ಯಕೃತ್ತಿನ ಅರ್ಬುದರೋಗದಿಂದ, ಕಲಕತ್ತೆಯ ಶುಶ್ರೂಷಾಲಯವೊಂದರಲ್ಲಿ ಅವರು ಕಾಲವಾದರು. "ಪಥೇರ್ ದಾಬಿ"ಯ ಮೇಲಿನ ನಿಷೇಧವು 1939ರಲ್ಲಿ ಹೋಯಿತು. ತಮ್ಮ ಪುಸ್ತಕದ ಬಿಡುಗಡೆಯನ್ನು ನೋಡುವ ಭಾಗ್ಯ ಅವರಿಗೆ ಒಂದು ವರ್ಷದ ಅಂತರದಲ್ಲಿ ತಪ್ಪಿತು.

ಇನ್ನು ತೆರೆಯ ವಿಷಯ. 1922ರಷ್ಟು ಹಿಂದೆಯೇ ಅವರ "ಆಂಧಾರೇ ಆಲೋ" ಎಂಬ ಕಥೆಯು ಮೂಕಚಿತ್ರವಾಗಿತ್ತು. 1931ರಲ್ಲಿ ಬಂಗಾಲಿ ಭಾಷೆಯ ಮೊದಮೊದಲ ವಾಕ್ಚಿತ್ರಗಳಲ್ಲೊಂದಾಗಿ ಬಂದ "ದೇನಾ ಪಾವನಾ" ಅವರದೇ ಕಾದಂಬರಿ. 1935ರಲ್ಲಿ ನ್ಯೂ ಥಿಯೇಟರ್ಸಿನವರು ಪ್ರಮಥೇಶ ಬರುವಾ ಅವರ ನಿರ್ದೇಶನದಲ್ಲಿ "ದೇವದಾಸ"ವನ್ನು ಬಂಗಾಲಿಯಲ್ಲಿಯೂ ಹಿಂದಿಯಲ್ಲಿಯೂ ತೆಗೆದರು. ಬಂಗಾಲಿಯಲ್ಲಿ ಬರುವಾ ಅವರೇ ನಾಯಕರು, ಹಿಂದಿಯಲ್ಲಿ ಸೈಗಲ್ ಅವರು. ಆ ಹಿಂದೀ ಚಿತ್ರದ ಛಾಯಾಗ್ರಾಹಕರಾಗಿದ್ದ ಬಿಮಲ ರಾಯರು 1955ರಲ್ಲಿ ದಿಲೀಪಕುಮಾರರನ್ನಿಟ್ಟುಕೊಂಡು ಅದನ್ನೇ ಮತ್ತೆ ತೆಗೆದರು. 1953ರಲ್ಲಿ ತೆಲುಗು ತಮಿಳುಗಳಲ್ಲಿ ಬಂದ ದೇವದಾಸನನ್ನು ನಮ್ಮ ದಕ್ಷಿಣದವರು ಹಾಡುಗಳ ಸಮೇತ ಬಾಯಿಪಾಠ ಮಾಡಿದರು. 2002ರಲ್ಲಿ ಅದೇ ಕಥೆ ಕನ್ನಡಿಯರಮನೆಗಳ ವೈಭವದೊಡನೆ ಮತ್ತೊಮ್ಮೆ ಬಂತು. "ಪರಿಣೀತಾ" 1953ರಲ್ಲಿಯೂ 2005ರಲ್ಲಿಯೂ, "ಬಿರಾಜ ಬಹು" 1954ರಲ್ಲಿಯೂ, "ಸ್ವಾಮಿ" 1977ರಲ್ಲಿಯೂ ಹಿಂದಿಯಲ್ಲಿ ಬಂದುವು. ಇವುಗಳಲ್ಲಿ ಸೊಗಸಾದ ಚಿತ್ರಗಳಿವೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹೆಚ್ಚು ಪಾಲು ಇವುಗಳ ವ್ಯವಹಾರವೆಲ್ಲ ಅಂತಃಪುರ, ಅಡಿಗೆಯ ಮನೆ, ಜಗಲಿ ಇಷ್ಟರೊಳಗೇ ಮುಗಿಯುತ್ತದೆ. ಒಳಾಂಗಣದ ದೃಶ್ಯಗಳಿಗೆ ಖರ್ಚು ಕಡಮೆ. ಕಣ್ಣೀರಿಗೆ ಗಿರಾಕಿ ಹೆಚ್ಚು. ಚಿತ್ರದ ವ್ಯಾಪಾರಿಗಳ ಈ ಲೆಕ್ಕವು ನಮಗೆ ಅರ್ಥವಾಗದ್ದೇನೂ ಅಲ್ಲ. ಆದರೆ ಶರಚ್ಚಂದ್ರರು ಆ ಲೆಕ್ಕಕ್ಕೆ ಮಾತ್ರ ಸಿಕ್ಕುವವರಲ್ಲ.

ನಮ್ಮ ಅಭಿಪ್ರಾಯದಲ್ಲಿ ಅವರ ಮೂರು ಕೃತಿಗಳು ಇಡೀ ದೇಶವು ನೋಡುವಂಥ ಚಿತ್ರಗಳಾಗುವುದಕ್ಕೆ ಮೊದಲು ಅರ್ಹವಾದುವು.

ಮೊದಲನೆಯದು "ಶ್ರೀಕಾಂತ". 1917ರಿಂದ 1933ರವರೆಗೆ ನಾಲ್ಕು ಭಾಗಗಳಲ್ಲಿ ಹೊರಬಂದ ಈ ಕಾದಂಬರಿಯ ಒಂದೊಂದು ತುಂಡನ್ನು ಬಂಗಾಲಿಯವರು ಬೇರೆಬೇರೆಯಾಗಿ ಚಿತ್ರಿಸಿದ್ದಾರೆ. ದೂರದರ್ಶನದಲ್ಲಿಯೂ ಅದು ಒಮ್ಮೆ ಧಾರಾವಾಹಿಯಾಗಿ ಬಂದಿತ್ತು. ಆದರೆ ಇಡಿಯ ಮನುಷ್ಯನ ಇಡಿಯ ಯಾತ್ರೆಯಾಗಿ ಅದು ದೊಡ್ಡ ತೆರೆಗೆ ಬರಬೇಕು. ಅದರ ಎರಡನೆಯ ಭಾಗದಲ್ಲಿ ಬರ್ಮಾದ ಹಡಗಿನ ಪ್ರಯಾಣವಿದೆ. ಮೇಲಟ್ಟದ ಮೇಲೆ ಕುರಿಗಳಂತೆ ತುಂಬಿದ ಬಡ ಪ್ರಯಾಣಿಕರು, ನಡುಗಡಲಿನಲ್ಲಿ ಎದ್ದ ಚಂಡಮಾರುತ, ದಡ ಸೇರಿದ ಮೇಲೆ ಪ್ಲೇಗಿನ ಭಯದಿಂದ ಬಡವರನ್ನು ಮಾತ್ರ ಕೂಡಿಹಾಕುವ ಕ್ವಾರಂಟೀನು, ಇವನ್ನು ನೋಡಿದ ಮೇಲೆ ಹೊಟ್ಟೆಪಾಡಿಗಾಗಿ ಕಡಲು ದಾಟಿದ ನಮ್ಮ ಲಕ್ಷಾಂತರ ಜನರ ಕಥೆಯನ್ನು ಬೇರೆ ಹೇಳಬೇಕಾಗುವುದಿಲ್ಲ. ಅಲ್ಲಿಯೇ ಅಭಯಾ ಇದ್ದಾಳೆ. ತನ್ನನ್ನು ಮರೆತ ಗಂಡನನ್ನು ಹುಡುಕಿಕೊಂಡು ಹೋಗಿ, ಅವನಿಗೆ ಬರ್ಮೀ ಹೆಂಡತಿಯಿರುವುದನ್ನು ಕಂಡು, ಅವನ ಬೆತ್ತದ ಏಟನ್ನು ತಿಂದು, ಕೊನೆಗೆ ತನ್ನನ್ನು ನಿಜವಾಗಿ ಪ್ರೀತಿಸಿದವನೊಡನೆ ತಲೆಯೆತ್ತಿ ಬಾಳಲು ನಿಶ್ಚಯಿಸುವ ಹೆಂಗಸು ಈಕೆ. ದೇವದಾಸನ ಪಾರ್ವತಿಗಾಗಿ ಅತ್ತ ದೇಶವು ಈ ಅಭಯಾಳ ಪ್ರಶ್ನೆಗೆ ಉತ್ತರ ಕೊಡುವುದನ್ನೂ ಕಲಿಯಬೇಕು.

ಎರಡನೆಯದು "ಪಥೇರ್ ದಾಬಿ". ಇದೂ ಬಂಗಾಲಿಯಲ್ಲಿ "ಸವ್ಯಸಾಚಿ" ಎಂಬ ಹೆಸರಿನಿಂದ 1977ರಲ್ಲಿ ಚಿತ್ರವಾಗಿದೆ. ಆದರೆ ದೇವದಾಸನಿಗೆ ದೊರೆತ ದೇಶವ್ಯಾಪಿ ಪ್ರಸಿದ್ಧಿಯಲ್ಲಿ ಹತ್ತರಲ್ಲೊಂದು ಪಾಲೂ ಸವ್ಯಸಾಚಿಗೆ ದೊರೆಯಲಿಲ್ಲ. ರಂಗೂನಿನ ಪೋಲೀಸು ಠಾಣೆಯಲ್ಲಿ, ಕ್ರಾಂತಿಕಾರರ ನಾಯಕನನ್ನು ಹಿಡಿಯಲು ಅಧಿಕಾರಿಗಳು ಕಾದುಕೊಂಡಿರುವಾಗ, ತಲೆಗೆ ಗಮಗಮಿಸುವ ಎಣ್ಣೆ ಬಳಿದು, ಬಣ್ಣಬಣ್ಣದ ಬಟ್ಟೆ ತೊಟ್ಟು, ಜೇಬಿನಲ್ಲಿ ಗಾಂಜಾದ ಚಿಲುಮೆಯನ್ನಿಟ್ಟುಕೊಂಡು ಕೆಮ್ಮುತ್ತ ಬಂದ ಬಡಕಲು ಮನುಷ್ಯನನ್ನು ಅವರೆಲ್ಲ ನಕ್ಕು ಬಿಟ್ಟುಕಳುಹಿಸುತ್ತಾರೆ. ಹೋದವನು ಅವನೇ. ಇದಕ್ಕಿಂತ ಚೆನ್ನಾದ ದೃಶ್ಯವನ್ನು ಯಾವ ಚಿತ್ರಕಥೆಗಾರನೂ ಬರೆದುಕೊಡಲಾರನು. ಆದರೆ ಈ ಗ್ರಂಥವು ಬರಿಯ ಸಾಹಸದ ಕಥೆಯಲ್ಲ. ಅಪೂರ್ವನೆಂಬ ಆಚಾರವಂತ ಯುವಕನು ಭಯಕ್ಕೊಳಗಾಗಿ ಸಂಘದ ಗುಟ್ಟನ್ನು ಪೋಲೀಸರಿಗೆ ಹೇಳಿದಾಗ, ಸಂಘದವರು ಅವನಿಗೆ ಮರಣವನ್ನು ವಿಧಿಸುತ್ತಾರೆ. ಸವ್ಯಸಾಚಿಯು ಅವನನ್ನು ಉಳಿಸುತ್ತಾನೆ. ದೇಶದ ಕೆಲಸದಲ್ಲಿ ಕ್ರೌರ್ಯಕ್ಕೆ ಎಷ್ಟು ಸ್ಥಳ, ಕರುಣೆಗೆ ಎಷ್ಟು ಸ್ಥಳ ಎಂಬ ಪ್ರಶ್ನೆಯು ಅದರ ಪುಟಪುಟಗಳಲ್ಲಿಯೂ ಹೊಗೆಯಾಡುತ್ತದೆ. ಸ್ವಾತಂತ್ರ್ಯ ಬಂದ ಮಾತ್ರಕ್ಕೆ ಈ ಪ್ರಶ್ನೆಯು ಹಳೆಯದಾಗಲಿಲ್ಲ.

ಮೂರನೆಯದು ಕಾದಂಬರಿಯಲ್ಲ, ಕೆಲವೇ ಪುಟಗಳ ಕಥೆ. ಅದರ ಹೆಸರು "ಮಹೇಶ". ಗಫೂರನೆಂಬ ಬಡ ಮುಸಲ್ಮಾನ ನೇಯ್ಗೆಯವನಿಗೆ ಮಗಳು ಅಮಿನಾ ಬಿಟ್ಟರೆ ಲೋಕದಲ್ಲಿ ಪ್ರಿಯವಾದುದು ಮಹೇಶನೆಂಬ ಮುದಿ ಎತ್ತು. ಬರಗಾಲ, ಹುಲ್ಲಿಲ್ಲ. ಗೋವು ಪೂಜ್ಯವೆಂದು ಅವನಿಗೆ ಬುದ್ಧಿ ಹೇಳುವ ತರ್ಕರತ್ನನು ಎರಡು ಹೊರೆ ಹುಲ್ಲನ್ನು ಸಾಲವಾಗಿ ಕೊಡಲೊಲ್ಲ. ಬಾಯಾರಿದ ಎತ್ತು ಅಮಿನಾಳ ಕೊಡವನ್ನು ಕೆಡವಿ ನೆಲದ ಮೇಲಣ ನೀರನ್ನು ಹೀರುತ್ತದೆ. ಹಸಿವಿನಿಂದಲೂ ಅವಮಾನದಿಂದಲೂ ಬುದ್ಧಿಗೆಟ್ಟ ಗಫೂರನು ನೇಗಿಲಿನ ತುಂಡಿನಿಂದ ಹೊಡೆಯುತ್ತಾನೆ; ಎತ್ತು ಸಾಯುತ್ತದೆ. ಆ ರಾತ್ರಿಯೇ ಅವನು ಮಗಳ ಕೈಹಿಡಿದು ಸೆಣಬಿನ ಗಿರಣಿಯ ಕೂಲಿಗೆ ಹೊರಡುತ್ತಾನೆ. ಬೇಸಾಯಗಾರನು ಗಿರಣಿಯ ಆಳಾದ ಬಗೆಯನ್ನು ವಿವರಿಸಲು ದೊಡ್ಡ ದೊಡ್ಡ ವರದಿಗಳನ್ನು ಬರೆದಿದ್ದಾರೆ. ಆ ವರದಿಗಳೆಲ್ಲ ಹೇಳದಿರುವ ಮಾತನ್ನು ಈ ಕಥೆ ಒಂದು ಗಂಟೆಯ ಚಿತ್ರದಲ್ಲಿ ಹೇಳಬಲ್ಲದು.

ಇಂಥ ಕೃತಿಗಳನ್ನು ಚಿತ್ರಿಸುವವರಿಗೆ ನಮ್ಮ ಸೂಚನೆ ಎರಡೇ. ಮೊದಲನೆಯದಾಗಿ, ಶರಚ್ಚಂದ್ರರ ಬಡವರನ್ನು ಶ್ರೀಮಂತರನ್ನಾಗಿ ಮಾಡಬಾರದು. ಅವರ ಪಾತ್ರಗಳ ಹರಕು ಪಂಚೆಗೆ ಜರಿಯ ಅಂಚು ಹಚ್ಚಿದರೆ ಕಥೆಯ ಪ್ರಾಣವು ಹೋಗುತ್ತದೆ. ಎರಡನೆಯದಾಗಿ, ಅವರು ಹೇಳದೆ ಬಿಟ್ಟುದನ್ನು ಹೇಳಹೋಗಬಾರದು. ರಾಜಲಕ್ಷ್ಮಿಯೂ ಶ್ರೀಕಾಂತನೂ ಮಾತಾಡಿದ್ದಕ್ಕಿಂತ ಸುಮ್ಮನಿದ್ದುದೇ ಹೆಚ್ಚು. ಆ ಮೌನವನ್ನು ಹಾಡುಗಳಿಂದ ತುಂಬುವವರು ಅವರನ್ನು ಅರಿತವರಲ್ಲ. ಕನ್ನಡದಲ್ಲಿಯೂ ಕಾದಂಬರಿಗಳನ್ನು ಚಿತ್ರಗಳನ್ನಾಗಿ ಮಾಡಿದ ಒಳ್ಳೆಯ ಪರಂಪರೆಯೊಂದಿದೆ. ನಮ್ಮ ನಿರ್ದೇಶಕರೂ ಈ ಎರಡು ಮಾತುಗಳನ್ನು ನಮ್ಮ ಕಾದಂಬರೀಕಾರರ ವಿಷಯದಲ್ಲಿ ನೆನಪಿಡಬಹುದು. ಎಲ್ಲರೂ ಬಲ್ಲ ಒಂದೆರಡು ಕೃತಿಗಳನ್ನೇ ಮತ್ತೆ ಮತ್ತೆ ತಿರುವಿಹಾಕದೆ, ಗ್ರಂಥಕರ್ತನ ಬಾಳು ಯಾವ ಕೃತಿಯಲ್ಲಿ ಹೆಚ್ಚಾಗಿ ಇಳಿದಿದೆಯೆಂಬುದನ್ನು ನೋಡಿ ಆರಿಸಿಕೊಳ್ಳಬೇಕು.

ಪರಕೀಯ ಸರಕಾರವು 1927ರಲ್ಲಿ ಶರಚ್ಚಂದ್ರರ ಒಂದು ಪುಸ್ತಕವನ್ನು ಜನರ ಕೈಯಿಂದ ಕಿತ್ತುಕೊಂಡಿತು. ಅದು ಅದರ ಶಕ್ತಿಯನ್ನು ಬಲ್ಲದ್ದಾಗಿತ್ತು. ಆ ನಿಷೇಧವು ಹೋಗಿ ಎಂಬತ್ತು ವರ್ಷಗಳ ಮೇಲಾಗಿದೆ. ಓದಬೇಡವೆನ್ನುವವರು ಯಾರೂ ಇಲ್ಲ, ತೋರಿಸಬೇಡವೆನ್ನುವವರೂ ಇಲ್ಲ. ಹಾಗಿದ್ದೂ ದೇವದಾಸನನ್ನು ಬಲ್ಲವರು ಸವ್ಯಸಾಚಿಯನ್ನೂ ಗಫೂರನನ್ನೂ ಅಭಯಾಳನ್ನೂ ಅರಿಯದಿದ್ದರೆ ಆ ದೋಷವನ್ನು ಹೊರಿಸಲು ನಮಗೆ ಪರಕೀಯರು ಯಾರೂ ಸಿಕ್ಕುವುದಿಲ್ಲ. ಅಧಿಕಾರವು ಮುಟ್ಟುಗೋಲು ಹಾಕಿದ ಪುಸ್ತಕವು ಒಂದಲ್ಲ ಒಂದು ದಿನ ಬಿಡುಗಡೆ ಹೊಂದುತ್ತದೆ. ಉದಾಸೀನವು ಮುಟ್ಟುಗೋಲು ಹಾಕಿದ ಪುಸ್ತಕವನ್ನು ಬಿಡಿಸಬೇಕಾದವರು ಓದುಗರೂ ಪ್ರೇಕ್ಷಕರೂ ಆದ ನಾವೇ.